ಬೆಟ್ಟದ ನಡುಗಡ್ಡೆಯ ಪಾಳೆಯಗಾರರು

ಮಂಚೇನಹಳ್ಳಿಯ ಬಯಲಿನಲ್ಲಿ ನಿಂತು ಆಗ್ನೇಯಕ್ಕೆ ದೃಷ್ಟಿಯನ್ನು ಹಾಯಿಸಿದವರಿಗೆ ನಂದಿಯ ಸಾಲುಬೆಟ್ಟಗಳು ಸಮುದ್ರಮಧ್ಯದ ದ್ವೀಪಗಳಂತೆ ತೋರುವುವು. ಈ ಉಪಮೆಯು ಬರಿಯ ಅಲಂಕಾರವಲ್ಲ. ಬಡಗಣ ಕಡಲಿನ ದ್ವೀಪಗಳಲ್ಲಿ ವೈಕಿಂಗರೆಂಬ ನಾವಿಕವೀರರ ನಾಯಕರು ಬಾಳಿದಂತೆಯೇ, ಈ ಗಿರಿದುರ್ಗಗಳ ಆಶ್ರಯದಲ್ಲಿ ಆವತಿಯ ನಾಡಪ್ರಭುಗಳ ವಂಶಸ್ಥರು ಬಾಳಿದರು.

ಬಲಿಷ್ಠನೊಬ್ಬನು ತಮ್ಮ ಮನೆಯ ಕನ್ಯೆಯನ್ನು ಬಲವಂತದಿಂದ ಕೇಳಲು, ರಣಭೈರೇಗೌಡನು ಬಂಧುಗಳೊಡನೆ ಬಂಡಿಗಳನ್ನು ಹೂಡಿಕೊಂಡು ಕಂಚಿಯ ಸೀಮೆಯನ್ನು ಬಿಟ್ಟು ಬಂದನೆಂದು ಐತಿಹ್ಯವುಂಟು. ತುಂಬಿ ಹರಿಯುತ್ತಿದ್ದ ಪಾಲಾರು ಅವರಿಗೆ ದಾರಿಬಿಟ್ಟಿತಂತೆ. ಐಸ್‌ಲೆಂಡಿನ ಮೊದಲ ನೆಲಸಿಗನಾದ ಇಂಗೋಲ್ಫನ ಕಥೆಯೂ ಇದೇ ಜಾತಿಯದು. ಸುಮಾರು 874ರಲ್ಲಿ ಅವನು ತನ್ನ ಪೀಠದ ಕಂಬಗಳನ್ನು ಕಡಲಿಗೆಸೆದು, ಅವು ದಡ ಮುಟ್ಟಿದೆಡೆಯಲ್ಲಿ ಮನೆ ಕಟ್ಟಿದನೆನ್ನುವರು. ಪಾಲಾರಿನ ಮಹಿಮೆಯನ್ನು ನಂಬುವವರು ಕಂಬಗಳ ಕಥೆಗೆ ನಗಬೇಕಾದುದಿಲ್ಲ.

ಆವತಿಯ ವಂಶದ ಮಲ್ಲಭೈರೇಗೌಡನು ಬೇಟೆಗೆ ಹೋಗಿದ್ದಾಗ ಮೊಲವೊಂದು ನಾಯಿಗಳನ್ನೇ ಇದಿರಿಸಿ ನಿಂತಿತೆಂದೂ, ಆ ನೆಲದ ಗುಣವನ್ನು ಕಂಡು ಅವನು ವಿಜಯನಗರದರಸರ ಅನುಮತಿಯಿಂದ 1479ರಲ್ಲಿ ಚಿಕ್ಕಬಳ್ಳಾಪುರದ ಕೋಟೆಪೇಟೆಗಳನ್ನು ಕಟ್ಟಿಸಿದನೆಂದೂ ಹೇಳುವರು. ಈ ಮೊಲವು ವಿಜಯನಗರದಲ್ಲಿಯೂ ಕಾಣಿಸಿಕೊಂಡಿದೆ. ಕನ್ನಡನಾಡಿನ ಕೋಟೆಗಳಿಗೆ ಅದು ವಾಡಿಕೆಯ ಸಾಕ್ಷಿ. ಅದಕ್ಕಿಂತ ಗಮನಿಸತಕ್ಕದ್ದು ‘ಗೌಡ’ ಎಂಬ ಬಿರುದು. ಇವರು ಮೊದಲು ಒಕ್ಕಲಿಗರು, ಆಮೇಲೆ ಪ್ರಭುಗಳು. ವೈಕಿಂಗ್ ನಾಯಕನಾದರೂ ಅಷ್ಟೆ. ಓರ್ಕ್ನಿ ದ್ವೀಪಗಳ ಸ್ವೆಯ್ನನೆಂಬವನು ವಸಂತದಲ್ಲಿ ಬಿತ್ತನೆ ಮುಗಿಸಿ ಸುಲಿಗೆಗೆ ಹೋಗುವನು, ಕೊಯ್ಲಿಗೆ ಮನೆಗೆ ಬರುವನು, ಪೈರು ಒಳಸೇರಿದ ಮೇಲೆ ಮತ್ತೆ ಹಡಗೇರುವನು. ಚಳಿಗಾಲವೆಲ್ಲ ಎಂಬತ್ತು ಮಂದಿಗೆ ಅವನ ಮನೆಯಲ್ಲಿ ಊಟ. ಉಣ್ಣಿಸಲಾರದವನ ಹಿಂದೆ ಯಾರೂ ಕತ್ತಿ ಹಿಡಿದು ನಡೆಯರು.

ಆದರೆ ಒಂದು ಭೇದವುಂಟು. ಐಸ್‌ಲೆಂಡಿನಲ್ಲಿ ಅರಸನಿರಲಿಲ್ಲ; ಗೃಹಸ್ಥನು ಒಬ್ಬ ನಾಯಕನನ್ನು ತೊರೆದು ಮತ್ತೊಬ್ಬನನ್ನು ಸೇರುವುದಕ್ಕೆ ಅಲ್ಲಿ ಕಟ್ಟಳೆಯೇ ಅವಕಾಶ ಕೊಟ್ಟಿದ್ದಿತು. ನಮ್ಮ ಸೀಮೆಯ ರೈತನಿಗಾದರೋ, ಹಿಂಸೆ ಮಿತಿಮೀರಿದಾಗ ರಾತ್ರೋರಾತ್ರಿ ಎತ್ತುಗಳನ್ನು ಹೊಡೆದುಕೊಂಡು ನೆರೆಯ ಪಾಳೆಯಕ್ಕೆ ಓಡುವುದೊಂದೇ ದಾರಿ. ಹಿಂದೆ ರಣಭೈರೇಗೌಡನು ಮಾಡಿದ್ದೂ ಅದನ್ನೇ. ಬಂಡಿ ಹೂಡಿ ಓಡಿಬಂದವನ ಸಂತತಿಯವರು ಕಂದಾಯಕ್ಕೆ ಆಳು ಕಳುಹಿಸುವಾಗ ಆ ರಾತ್ರಿಯನ್ನು ನೆನೆದಿದ್ದರೋ ಇಲ್ಲವೋ!

1762ರಲ್ಲಿ ಹೈದರಾಲಿಯು ಚಿಕ್ಕಬಳ್ಳಾಪುರವನ್ನು ಮುತ್ತಿದನು. ಮೂರು ತಿಂಗಳು ಕೋಟೆ ಬಗ್ಗಲಿಲ್ಲ. ಕಡೆಗೆ ಚಿಕ್ಕಪ್ಪಗೌಡನು ಭಾರಿ ಕಪ್ಪವನ್ನು ಒಪ್ಪಿಕೊಳ್ಳಲು ದಂಡು ಹಿಂದೆಗೆಯಿತು. ಅಷ್ಟರಲ್ಲಿ ಗುತ್ತಿಯ ಮುರಾರಿರಾಯನ ನೆರವು ಒದಗಿತು. ಗೌಡನು ನುಡಿಯನ್ನು ಮುರಿದು ನಂದಿದುರ್ಗಕ್ಕೆ ಸರಿದನು. ಅವನ ಶೌರ್ಯವನ್ನು ಹೊಗಳುವವರು ಬಹಳ. ಮುತ್ತಿಗೆಯ ಆ ಮೂರು ತಿಂಗಳು ಸುತ್ತಣ ಹಳ್ಳಿಗಳ ಹೊಲಗದ್ದೆಗಳಿಗೆ ಏನಾಯಿತೆಂದು ಹಾಡುವವರು ಕಡಮೆ. ಬೆಟ್ಟದ ಮೇಲಿನವನಿಗೆ ಬಂಡೆಯ ಕಾವಲು, ಬಯಲಿನವನಿಗೆ ಯಾವುದು? ಹೈದರನು ಊರನ್ನೂ ನಂದಿಯನ್ನೂ ಹಿಡಿದು ಗೌಡನನ್ನು ಸೆರೆಯೊಯ್ದನು.

ಐಸ್‌ಲೆಂಡಿನವರೂ 1262ರಿಂದ ನಾರ್ವೆಯ ಅರಸನಿಗೆ ತೆರಿಗೆ ಕೊಡಲು ಒಪ್ಪಿದರು. ಕಡಲೂ ಕಾಯಲಿಲ್ಲ, ಬಂಡೆಯೂ ಕಾಯಲಿಲ್ಲ.

1791ರ ಅಕ್ಟೋಬರಿನಲ್ಲಿ ಇಂಗ್ಲಿಷರು ನಂದಿಯನ್ನು ಗೆದ್ದಾಗ, ಆ ವಂಶದ ನಾರಾಯಣಗೌಡನಿಗೆ ಚಿಕ್ಕಬಳ್ಳಾಪುರದ ಆಡಳಿತವು ಕೆಲಕಾಲ ಮರಳಿ ದೊರೆಯಿತು. ಟಿಪ್ಪುವು ಅದನ್ನು ಕಸಿದುಕೊಂಡನು. 1799ರ ತರುವಾಯ ಸೀಮೆಯು ಮೈಸೂರಿಗೆ ಸೇರಿತು. ಕಂದಾಯವನ್ನು ಕೇಳಲು ಬೇರೆ ಆಳುಗಳು ಬಂದರು.