ಉಸ್ತಾದರ ಕಿವಿ

ನಾವು ಮನೆಯಲ್ಲಿ ಐದು ಜನ. 1972ರಲ್ಲಿ ನಮ್ಮ ತಂದೆಯವರು ಕೊಂಡು ತಂದ ಕಾರಿನಲ್ಲಿ ಜಾಗವಿದ್ದುದು ಇಬ್ಬರಿಗೆ. ಸಕಲೇಶಪುರದ ಕಡೆ ಕಾಫಿತೋಟ ಇಟ್ಟಿದ್ದ ದೊರೆಯೊಬ್ಬ ಸ್ವದೇಶಕ್ಕೆ ಹೊರಟಾಗ, ತೋಟದ ಲೆಕ್ಕ ಬರೆಯುತ್ತಿದ್ದ ತಂದೆಯವರಿಗೆ ಅದನ್ನು ಅಗ್ಗಕ್ಕೆ ಕೊಟ್ಟು ಹೋದನಂತೆ. ಅಗ್ಗವೆಂಬ ಮಾತನ್ನು ನಮ್ಮ ತಾಯಿ ಕೊನೆಯವರೆಗೂ ಒಪ್ಪಲಿಲ್ಲ. ಕೆಂಪು ಬಣ್ಣ, ಉದ್ದನೆಯ ಮೂಗು, ಬೆನ್ನಿಗೆ ಕಟ್ಟಿದ ಸ್ಟೆಪ್ನಿ. ಮೇಲೆ, ಮಳೆಯನ್ನು ತಡೆಯುತ್ತೇನೆಂದು ಮಾತು ಕೊಟ್ಟು ತಪ್ಪುವ ಒಂದು ಕ್ಯಾನ್ವಾಸಿನ ಹೊದಿಕೆ. ಮುಂದುಗಡೆ ಎಂ.ಜಿ. ಎಂಬ ಎರಡಕ್ಷರ. ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಓಡಾಡಲೆಂದೇ ಮಾಡಿದ ಕಾರು ಇದೆಂದು ನಾನು ಬಹುಕಾಲ ನಂಬಿದ್ದೆ. ಅದು ಮಾರಿಸ್ ಗ್ಯಾರೇಜಸ್ ಎಂಬುದರ ಮೊದಲಕ್ಷರಗಳೆಂದು ತಿಳಿದದ್ದು ಹೈಸ್ಕೂಲಿಗೆ ಬಂದಮೇಲೆ; ಸ್ವಲ್ಪ ನಿರಾಶೆಯೇ ಆಯಿತು.

ಅದು 1951ರ ಟಿ.ಡಿ. ಮಾದರಿ, ಇಂಗ್ಲೆಂಡಿನ ಅಬಿಂಗ್ಡನ್ನಿನಲ್ಲಿ ಹುಟ್ಟಿದ್ದು. ಆ ಕಾರ್ಖಾನೆ 1980ರಲ್ಲಿ ಬಾಗಿಲು ಹಾಕಿತು. ಈಗ ಅದೇ ಎರಡಕ್ಷರ ಹೊತ್ತ ವಿದ್ಯುತ್ ಕಾರುಗಳು ನಮ್ಮ ಬೀದಿಯಲ್ಲೇ ಎರಡಿವೆ. ಎದುರು ಮನೆಯ ಹುಡುಗ ಮೊನ್ನೆ ನಮ್ಮ ಕಾರನ್ನು ಒಂದು ಸುತ್ತು ಹಾಕಿ ನೋಡಿ, "ಅಂಕಲ್, ನಿಮ್ಮದಕ್ಕೆ ಚಾರ್ಜರ್ ಎಲ್ಲಿ ಚುಚ್ಚೋದು?" ಎಂದು ಕೇಳಿದ. ನಾನು ಉತ್ತರ ಕೊಡಲಿಲ್ಲ.

ತಂದೆಯವರು 1998ರಲ್ಲಿ ತೀರಿಕೊಂಡಾಗ ಕಾರು ನನ್ನ ಪಾಲಿಗೆ ಬಂತು. ಅದರ ಜೊತೆಯಲ್ಲಿ ಉಸ್ತಾದರೂ ಬಂದರು. ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯೊಂದರಲ್ಲಿ, ತಗಡು ಬಡಿಯುವವರ ಪಕ್ಕದಲ್ಲಿ ಅವರ ಶೆಡ್ಡು. 1972ರಲ್ಲಿ ಅವರು ಅದೇ ಶೆಡ್ಡಿನಲ್ಲಿ ಟೀ ತರುತ್ತಿದ್ದ ಹುಡುಗ. ಈ ಕಾರಿನ ಹೊಟ್ಟೆಯೊಳಗೆ ಕೈ ಹಾಕಿಯೇ ಅವರು ಕಸಬು ಕಲಿತದ್ದು.

ಇಂಥ ಕಾರಿನ ಸೇವೆ ಎಂದರೆ ಏನೆಂಬುದನ್ನು ಅನುಭವವಿಲ್ಲದವರಿಗೆ ಹೇಳುವುದು ಕಷ್ಟ. ಒಂದು ಬೋಲ್ಟನ್ನೇ ತೆಗೆದುಕೊಳ್ಳಿ. ಈ ಎಂಜಿನ್ನಿನ ವಂಶಮೂಲ ಹುಡುಕುತ್ತಾ ಹೋದರೆ ಹಾಚ್‌ಕಿಸ್ ಎಂಬ ಫ್ರೆಂಚ್ ಕಂಪೆನಿಗೆ ಮುಟ್ಟುತ್ತದೆ. ಅದರ ಕವೆಂಟ್ರಿಯ ಕಾರ್ಖಾನೆಯನ್ನು ಮಾರಿಸ್ 1923ರಲ್ಲಿ ಕೊಂಡ. ಯಂತ್ರಗಳೆಲ್ಲ ಫ್ರೆಂಚ್ ಅಳತೆಯವು. ಆದುದರಿಂದ ಬೋಲ್ಟಿನ ಮರೆ ಮಿಲಿಮೀಟರಿನದು. ಆದರೆ ಇಂಗ್ಲಿಷ್ ಕೆಲಸಗಾರನ ಸ್ಪ್ಯಾನರು ಅಂಗುಲದ್ದು. ಆದುದರಿಂದ ಬೋಲ್ಟಿನ ತಲೆ ವಿಟ್‌ವರ್ತ್ ಅಳತೆಯದು. ತಲೆ ಒಂದು ದೇಶದ್ದು, ಮೈ ಇನ್ನೊಂದು ದೇಶದ್ದು. ಅಂಗಡಿಯವನ ಬಳಿ ಮೈ ಹೊಂದುವ ಬೋಲ್ಟು ಸಿಕ್ಕಿದರೆ ನಮ್ಮ ಸ್ಪ್ಯಾನರಿಗೆ ತಲೆ ಹೊಂದುವುದಿಲ್ಲ. ಹೀಗಾಗಿ ಬಿಚ್ಚಿದ ಬೋಲ್ಟೊಂದು ಚರಂಡಿಗೆ ಉರುಳಿದರೆ ಉಸ್ತಾದರು, ನಾನು, ಟೀ ಹುಡುಗ ಮೂವರೂ ಚರಂಡಿಗೆ ಬಗ್ಗಿದ್ದುಂಟು. ಮೈಕಟ್ಟಿನ ಒಳಗೆ ಮರದ ಚೌಕಟ್ಟು ಬೇರೆ ಇದೆ. ಅದರ ಒಂದು ತೊಲೆ ಕುಂಬಾದಾಗ ನಮ್ಮ ಬೀದಿಯ ಬಡಗಿ ಹೊನ್ನೆಯಲ್ಲಿ ಹೊಸದು ಮಾಡಿಕೊಟ್ಟ. ಇದೆಲ್ಲ ಸಾಗುತ್ತದೆ. ವಾಷರು, ಗ್ಯಾಸ್ಕೆಟ್ಟು ಇಂಗ್ಲೆಂಡಿನಿಂದ ಅಂಚೆಯಲ್ಲಿ ಬರುತ್ತವೆ. ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಯತೊಡಗಿದ ಮೇಲೆ ಹಳೆಯ ರಬ್ಬರುಗಳು ಬೇಗ ಕೆಡುತ್ತಿವೆ. ಅದಕ್ಕೂ ಬೇರೆ ಕೊಳವೆ ತರಿಸಿದ್ದಾಯಿತು.

ಅಂಚೆಯಲ್ಲಿ ಬಾರದಿದ್ದುದು ಒಂದಿತ್ತು. ಈ ಕಾರಿಗೆ ಎಸ್.ಯು. ಕಾರ್ಬ್ಯುರೇಟರು ಎರಡು. ನಾಲ್ಕು ಸಿಲಿಂಡರಿಗೆ ಎರಡು ಮೂಗಿದ್ದ ಹಾಗೆ. ಎರಡೂ ಸಮನಾಗಿ ಉಸಿರೆಳೆದರೆ ಎಂಜಿನ್ನು ನಿದ್ದೆಯಲ್ಲಿರುವ ಬೆಕ್ಕಿನಂತೆ ಗುರುಗುಟ್ಟುತ್ತದೆ. ಒಂದು ಹೆಚ್ಚು ಒಂದು ಕಡಿಮೆ ಆಯಿತೋ, ಇಡೀ ಕಾರು ಮಲೇರಿಯಾ ಹಿಡಿದಂತೆ ನಡುಗುತ್ತದೆ. ಸಮ ಮಾಡುವುದಕ್ಕೆ ಉಸ್ತಾದರಲ್ಲಿದ್ದ ಉಪಕರಣ ಒಂದು ಮೊಳ ರಬ್ಬರ್ ಕೊಳವೆ. ಒಂದು ತುದಿ ಕಾರ್ಬ್ಯುರೇಟರಿನ ಬಾಯಿಗೆ, ಇನ್ನೊಂದು ಕಿವಿಗೆ. ಗಾಳಿ ಒಳಗೆ ಹೋಗುವ ಬುಸುಗುಟ್ಟುವಿಕೆಯನ್ನು ಮೊದಲು ಇಲ್ಲಿ, ಆಮೇಲೆ ಅಲ್ಲಿ ಕೇಳುವುದು, ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುವುದು, ಮತ್ತೆ ಕೇಳುವುದು. ಪಕ್ಕದಲ್ಲಿ ತಗಡು ಬಡಿಯುವವರ ಸದ್ದಿನ ನಡುವೆಯೂ ಅವರಿಗೆ ಅದು ಕೇಳುತ್ತಿತ್ತು. ತಂದೆಯವರು ಪಕ್ಕದಲ್ಲಿ ಕೈಕಟ್ಟಿ ನಿಂತಿರುತ್ತಿದ್ದರು, ಡಾಕ್ಟರು ಮಗುವನ್ನು ನೋಡುವಾಗ ನಿಂತಂತೆ.

ಕಳೆದ ಶ್ರಾವಣದಲ್ಲಿ ಉಸ್ತಾದರು ಹೀಗೆಯೇ ಸಮ ಮಾಡಿಕೊಟ್ಟರು. ಸೌತ್ ಎಂಡ್ ವೃತ್ತಕ್ಕೆ ಬರುವಷ್ಟರಲ್ಲಿ ಕಾರು ನಡುಗತೊಡಗಿತು. ಮರುದಿನ ಹೋದೆ, ಮತ್ತೆ ಸರಿ ಮಾಡಿದರು, ಮತ್ತೆ ನಡುಗಿತು. ಮೂರನೆಯ ಸಲ ನಾನು ಅವರ ಮುಖವನ್ನು ನೋಡುತ್ತಾ ನಿಂತೆ. ಕೊಳವೆ ಕಿವಿಯಲ್ಲಿತ್ತು. ಕಣ್ಣು ಮಾತ್ರ ಎಂಜಿನ್ನಿನ ಮೇಲಿರದೆ ನನ್ನ ಮೇಲಿತ್ತು. ಟೀ ಹುಡುಗ ಹಿಂದಿನಿಂದ ಎರಡು ಸಲ ಕರೆದ, ಅವರು ತಿರುಗಲಿಲ್ಲ.

ಆ ವಾರವೇ ಮುಂಬಯಿಯಿಂದ ಹಳೆಯ ಕಾರು ಕೂಡಿಡುವ ಹವ್ಯಾಸಿಯೊಬ್ಬರ ಫೋನು ಬಂದಿತ್ತು. ಅವರು ಹೇಳಿದ ಮೊತ್ತದಲ್ಲಿ ಮನೆಯ ತಾರಸಿಯ ಸೋರಿಕೆ ನಿಲ್ಲುತ್ತಿತ್ತು, ಇನ್ನೂ ಮಿಗುತ್ತಿತ್ತು. ಮನೆಯಾಕೆ ಏನೂ ಹೇಳಲಿಲ್ಲ. ತಾರಸಿಯ ಕೆಳಗೆ ಇನ್ನೊಂದು ಬಕೆಟ್ಟು ಇಟ್ಟಳು. ನನಗೆ ಮಾರುವುದು ಅಷ್ಟು ಕಷ್ಟವೆನಿಸಲಿಲ್ಲ. ಕಷ್ಟವೆನಿಸಿದ್ದು ಉಸ್ತಾದರಿಗೆ ಕಾರಣ ಹೇಳುವುದು. ದುಡ್ಡಿಗಾಗಿ ಮಾರಿದೆ ಎನ್ನಬಹುದಿತ್ತು, ಅವರು ನಂಬುತ್ತಿರಲಿಲ್ಲ.

ಭಾನುವಾರ ಶೆಡ್ಡಿಗೆ ಹೋದೆ. ಪಕ್ಕದವರು ತಗಡು ಬಡಿಯದ ದಿನ. ನಾನು ಬಾಯಿ ತೆರೆಯುವ ಮೊದಲೇ ಅವರೇ ಎಂದರು: "ಒಂದು ವರ್ಷ ಆಯ್ತು ಸ್ವಾಮಿ. ಬಲಗಡೆ ಕಿವಿ ಪೂರಾ ಹೋಯ್ತು, ಎಡಗಡೇದು ಅರ್ಧ. ಸ್ಕ್ರೂ ಎಷ್ಟು ಸುತ್ತು ಅಂತ ಎಣಿಸಿ ಎಣಿಸಿ ಮಾಡ್ತಿದ್ದೆ." ಸ್ವಲ್ಪ ಹೊತ್ತು ಕೈ ಒರೆಸಿಕೊಂಡರು. "ನಿಮ್ಮಪ್ಪಾಜಿ ಆಗಿದ್ರೆ ಮೊದಲನೇ ದಿನಾನೇ ಬೈತಿದ್ರು. ನೀವು ಬೈಲಿಲ್ಲ."

ಬೈಯುವಷ್ಟು ನನಗೆ ತಿಳಿದಿರಲಿಲ್ಲ ಎಂಬುದು ನಿಜವಾದ ಸಂಗತಿ. ಅದನ್ನೂ ಹೇಳಿದೆ, ಸ್ವಲ್ಪ ಗಟ್ಟಿಯಾಗಿ.

ಅವರು ಎಂಜಿನ್ನು ಚಾಲೂ ಮಾಡಿ ಕೊಳವೆಯನ್ನು ನನ್ನ ಕೈಗೆ ಕೊಟ್ಟರು. "ಏನು ಕೇಳಿಸ್ತದೆ?"

"ಹಾವು ಬುಸುಗುಟ್ಟಿದ ಹಾಗೆ."

"ಅಲ್ಲಿ ಎರಡು ಹಾವು ಇದೆ. ಯಾವುದು ದೊಡ್ಡದು?"

ನನಗೆ ಎರಡೂ ಒಂದೇ ಎನಿಸಿತು. ಹಾಗೆಂದೆ. ಅವರು ಅಂಗೈಯನ್ನು ಮಡ್‌ಗಾರ್ಡಿನ ಮೇಲಿಟ್ಟು ಕಣ್ಣು ಮುಚ್ಚಿ, "ಇಲ್ಲ, ಇನ್ನೊಂದು ಸಲ ಕೇಳಿ" ಎಂದರು. ಮತ್ತೆ ಕೇಳಿದೆ. ಹಿಂದಿನದರ ಸದ್ದು ಒಂದಿಷ್ಟು ಒರಟು ಎನಿಸಿತೋ, ಹಾಗೆನಿಸಬೇಕೆಂದು ಎನಿಸಿತೋ ಹೇಳಲಾರೆ. ಸ್ಕ್ರೂ ತಿರುಗಿಸಿದೆ, ಎಂಜಿನ್ನು ನಿಂತೇಹೋಯಿತು. ಮತ್ತೆ ಚಾಲೂ ಮಾಡಿದರು. ಹೀಗೆ ಎರಡು ಗಂಟೆ ಕಾಲ. ನನ್ನ ಕಿವಿ, ಅವರ ಅಂಗೈ. ನಾನು ಸಮವೆಂದಾಗಲೆಲ್ಲ ಅವರು ತಲೆಯಾಡಿಸುತ್ತಿದ್ದರು. ಒಂದು ಸಲ ಮಾತ್ರ ನಾನು ಏನೂ ಹೇಳುವ ಮೊದಲೇ ಕೈಯನ್ನು ಮಡ್‌ಗಾರ್ಡಿನಿಂದ ತೆಗೆದು, ಬೀಡಿ ಹಚ್ಚಿದರು.

ಪರೀಕ್ಷೆಗೆಂದು ಇಬ್ಬರೂ ಹೊರಟೆವು. ಇಷ್ಟು ವರ್ಷ ಅವರು ಈ ಕಾರಿನಲ್ಲಿ ಕೂತದ್ದೆಲ್ಲ ಸ್ಟೀರಿಂಗಿನ ಹಿಂದೆ. ಎಡಗಡೆಯ ಆಸನದಲ್ಲಿ ಅದೇ ಮೊದಲು. ಬಸವನಗುಡಿಯ ಕಡೆ ತಿರುಗುವಲ್ಲಿ ಕೆಂಪು ದೀಪ ಬಿತ್ತು. ಅವರು ಡ್ಯಾಶ್‌ಬೋರ್ಡಿನ ಮೇಲೆ ಅಂಗೈಯಿಟ್ಟು ನನ್ನ ಕಡೆ ತಿರುಗಿದರು.

"ಈಗ ಏನು ಕೇಳಿಸ್ತದೆ?"

"ಹಿಂದಿನ ಬಸ್ಸಿನ ಹಾರನ್ನು."

"ಅದು ನನಗೂ ಕೇಳಿಸ್ತು," ಎಂದರು ಉಸ್ತಾದರು.