ಹಾರುವ ತಟ್ಟೆಯೂ ಮುಚ್ಚಿದ ಕಡತವೂ

ಗುಟ್ಟೆಂಬುದು ವಿಚಿತ್ರವಾದ ವಸ್ತು. ಮನೆಯ ಹತ್ತು ಕೋಣೆಗಳಲ್ಲಿ ಒಂದಕ್ಕೆ ಮಾತ್ರ ಬೀಗ ಹಾಕಿದ್ದರೆ ಮಕ್ಕಳ ಮನಸ್ಸೆಲ್ಲ ಅದರ ಸುತ್ತಲೇ. ಒಳಗಿರುವುದು ಹರಿದ ಚಾಪೆ, ತೂತುಬಿದ್ದ ಹಂಡೆ ಇರಬಹುದು. ಹೊರಗಿನವರಿಗೆ ತೋರುವುದು ನಿಧಿ, ಇಲ್ಲವೆ ದೆವ್ವ. ಸರ್ಕಾರಗಳು ಹಾಕುವ ಬೀಗದ ಮಹಿಮೆಯೂ ಇಂಥದೇ ಎಂಬುದನ್ನು ಹಾರುವ ತಟ್ಟೆಗಳ ಇತಿಹಾಸ ನನಗೆ ಕಲಿಸಿದೆ.

1947ರ ಜೂನ್ 24ರಂದು ಅಮೆರಿಕದ ವಾಷಿಂಗ್‌ಟನ್ ರಾಜ್ಯದಲ್ಲಿ ವಿಮಾನ ನಡೆಸುತ್ತಿದ್ದ ಕೆನೆತ್ ಆರ್ನಾಲ್ಡ್ ಎಂಬವನು ರೇನಿಯರ್ ಪರ್ವತದ ಬಳಿ ಒಂಬತ್ತು ಹೊಳೆಯುವ ವಸ್ತುಗಳನ್ನು ಕಂಡೆನೆಂದ. ಪತ್ರಿಕೆಗಳು ಅವಕ್ಕೆ ಹಾರುವ ತಟ್ಟೆಗಳೆಂದು ನಾಮಕರಣ ಮಾಡಿದವು. ಜುಲೈ 8ರಂದು ನ್ಯೂ ಮೆಕ್ಸಿಕೋದ ರಾಸ್ವೆಲ್ ಸೇನಾ ವಿಮಾನನೆಲೆಯೇ ತನಗೆ ಅಂಥ ತಟ್ಟೆಯೊಂದು ಸಿಕ್ಕಿತೆಂದು ಸಾರಿತು. ಮೇಲಧಿಕಾರಿಗಳು ಅಂದೇ ಅದನ್ನು ಹವಾಮಾನದ ಬಲೂನೆಂದು ತಿದ್ದಿದರು. ಸೋವಿಯತ್ ಅಣುಸ್ಫೋಟಗಳ ಸದ್ದನ್ನು ಬಾನೆತ್ತರದಲ್ಲಿ ಆಲಿಸಲು ಹಾರಿಬಿಟ್ಟ ‘ಮೊಗಲ್’ ಯೋಜನೆಯ ಬಲೂನುಗಳ ಅವಶೇಷ ಅದಾಗಿರಬೇಕೆಂದು ವಾಯುಪಡೆ ವರದಿ ಮಾಡಿದ್ದು 1994ರಲ್ಲಿ! ಅಷ್ಟರಲ್ಲಿ ಅನ್ಯಲೋಕದವರ ಶವಗಳ ಕಥೆ ಜಗತ್ತನ್ನೇ ಸುತ್ತಿ ಬಂದಿತ್ತು.

ತನಿಖೆ ನಡೆಯಲಿಲ್ಲವೆಂದಲ್ಲ. ವಾಯುಪಡೆಯ ‘ಬ್ಲೂ ಬುಕ್’ ಯೋಜನೆ 1969ರಲ್ಲಿ ಮುಗಿದಾಗ, 1947ರಿಂದ ಬಂದಿದ್ದ 12,618 ವರದಿಗಳಲ್ಲಿ 701 ಮಾತ್ರ ಗುರುತು ಹತ್ತದೆ ಉಳಿದಿದ್ದವು. ಆದರೆ ಗುರುತು ಹತ್ತಿದವುಗಳ ಪಾಡೇನು? 1955ರಿಂದ ಯು-2 ಬೇಹುವಿಮಾನ 60,000 ಅಡಿಗೂ ಮೇಲೆ ಹಾರತೊಡಗಿತು. ಪ್ರಯಾಣಿಕರ ವಿಮಾನಗಳು ಆಗ ಬಹುಮಟ್ಟಿಗೆ 20,000 ಅಡಿಯೊಳಗೇ ಇರುತ್ತಿದ್ದವು. ಕೆಳಗೆ ಕತ್ತಲೆ ಕವಿದ ಮೇಲೂ ಅಷ್ಟೆತ್ತರದಲ್ಲಿ ಬಿಸಿಲು. ಬೆಳ್ಳಿಯ ರೆಕ್ಕೆಗಳು ಕೆಂಡದಂತೆ ಹೊಳೆಯುತ್ತಿದ್ದವು. ಕಂಡವರು ಪತ್ರ ಬರೆದರು. ತನಿಖೆಯವರು ಯು-2 ಹಾರಾಟದ ದಾಖಲೆಗಳೊಡನೆ ತಾಳೆ ನೋಡಿ ಕಾರಣವನ್ನು ಅರಿತರು. ಪತ್ರ ಬರೆದವರಿಗೆ ಮಾತ್ರ ಅದನ್ನು ತಿಳಿಸುವಂತಿರಲಿಲ್ಲ. ಇದನ್ನು ಸಿ.ಐ.ಎ. ಸಂಸ್ಥೆಯ ಇತಿಹಾಸಕಾರರೇ ಮುಂದೆ ಬರೆದಿಟ್ಟಿದ್ದಾರೆ.

ನನ್ನ ಮನಸ್ಸನ್ನು ಚುಚ್ಚುವುದು ಇದೇ. ಅವನ ಕಣ್ಣು ಸುಳ್ಳಾಡಿರಲಿಲ್ಲ. ಆದರೂ ಭ್ರಮೆಗೊಂಡವನೆಂಬ ಅಪವಾದ ಅವನ ಪಾಲಿಗೆ ಉಳಿಯಿತು. ರಾಷ್ಟ್ರರಕ್ಷಣೆಗೆ ಕೆಲವು ಗುಟ್ಟುಗಳು ಬೇಕು, ಒಪ್ಪೋಣ. ಆದರೆ ಒಮ್ಮೆ ಮರೆಮಾಚಿದವರು ಮುಂದೆ ನಿಜವನ್ನೇ ನುಡಿದರೂ ಜನ ನಂಬುವುದಿಲ್ಲ. ಆ ನಷ್ಟ ಯಾವ ಬೊಕ್ಕಸದಿಂದಲೂ ತುಂಬುವಂಥದಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮೂರ ಬಾನಿನಲ್ಲಿ ಮಣಿಸರದಂತೆ ದೀಪಗಳ ಸಾಲೊಂದು ಸಾಗಿತು. ಅಜ್ಜಿ ಕೈಮುಗಿದರು; ಪಕ್ಕದ ಮನೆಯ ರಾಯರು ಶತ್ರುಗಳ ವಿಮಾನವೆಂದರು. ಮರುದಿನ, ಅವು ಸ್ಟಾರ್‌ಲಿಂಕ್ ಉಪಗ್ರಹಗಳೆಂದು ಪತ್ರಿಕೆಯಲ್ಲಿ ಬಂತು. ಹಾರಿಸಿದವರು ಯಾರು, ಎಂದು ಹಾರಿಸಿದರು ಎಂಬುದೆಲ್ಲ ಬಹಿರಂಗವಾಗಿತ್ತು. ಲೋಟದ ಕಾಫಿ ಆರುವುದರೊಳಗೆ ಚರ್ಚೆ ಮುಗಿಯಿತು. “ಮನುಷ್ಯರೇ ಮಾಡಿದ್ದೇನೋ? ಆದರೂ ಚೆಂದವಿತ್ತು ಕಣೋ,” ಎಂದರು ಅಜ್ಜಿ. ತಿಳಿದುದರಿಂದ ಅವರ ಬೆರಗೇನೂ ಕಡಿಮೆಯಾಗಲಿಲ್ಲ.

2023ರಲ್ಲಿ ಅಮೆರಿಕದ ನಾಸಾ ನೇಮಿಸಿದ 16 ಮಂದಿಯ ಸಮಿತಿಯೂ ಬಹುಮಟ್ಟಿಗೆ ಇದೇ ಹಾದಿಯನ್ನು ತೋರಿಸಿತು. ಇಂಥ ದೃಶ್ಯಗಳು ಅನ್ಯಲೋಕದಿಂದ ಬಂದವೆನ್ನಲು ಆಧಾರ ಕಾಣಲಿಲ್ಲ. ಆದರೆ ನಂಬಲರ್ಹವಾದ ಮಾಹಿತಿಯೇ ಸಾಲದು. ಸರಿಯಾಗಿ ಅಳೆಯುವ ಉಪಕರಣಗಳು ಬೇಕು, ಕಂಡದ್ದನ್ನು ಹೇಳುವವರಿಗೆ ಅಪಹಾಸ್ಯದ ಭಯವಿರಬಾರದು ಎಂದಿತು ಆ ಸಮಿತಿ.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದರು ನಮ್ಮ ಹಿರಿಯರು. ಕಾಣುವ ಕೆಲಸ ಪ್ರಜೆಯದು, ಪ್ರಮಾಣಿಸುವ ಕೆಲಸ ವಿಜ್ಞಾನಿಯದು. ಇಬ್ಬರಿಗೂ ಕಡತ ತೆರೆದಿಡುವುದು ಸರ್ಕಾರದ ಧರ್ಮ.