ಗಾಲಿ ಮನೆಯ ವಾರಂಟಿ ವಿಚಾರ

ಅಮೆರಿಕದಲ್ಲಿ ನೆಂಟರು ಫೋನ್ ಮಾಡಲು ಮರೆತರೂ ವಾರಂಟಿಯವರು ಮರೆಯುತ್ತಿರಲಿಲ್ಲ. ಸಾರಿಗೆ ಅನ್ನ ಕಲಸುವ ಹೊತ್ತಿಗೆ ಸರಿಯಾಗಿ ಫೋನ್ ಬರುತ್ತಿತ್ತು. “ನಿಮ್ಮ ಕಾರಿನ ವಾರಂಟಿ ಮುಗಿಯುತ್ತಾ ಬಂದಿದೆ” ಅಂತ ಮುದ್ರಿತ ದನಿಯೊಂದು ಕಾಳಜಿ ತೋರಿಸುತ್ತಿತ್ತು. ಕಾರೇ ಇಲ್ಲದವರ ಮೇಲೂ ಅದಕ್ಕೆ ಅಷ್ಟೇ ಅಕ್ಕರೆ. 2021ರಲ್ಲಿ ಒಂದೇ ತಂಡ ಮೂರು ತಿಂಗಳಲ್ಲಿ 500 ಕೋಟಿಗೂ ಹೆಚ್ಚು ಇಂಥ ಕರೆ ಮಾಡಿತ್ತಂತೆ. ಅಲ್ಲಿನ ಸಂಪರ್ಕ ಆಯೋಗ 2023ರಲ್ಲಿ ಸುಮಾರು 30 ಕೋಟಿ ಡಾಲರ್ ದಂಡ ಜಡಿಯಿತು. ಅದು ಶುದ್ಧ ಮೋಸದ ದಂಧೆ, ಬಿಡಿ. ಗಾಡಿ ಅಂಗಡಿಯಲ್ಲಿ ಮೇಜಿನ ಆಚೆ ಕೂತು, ಮುಂದೆ ಬರುವ ರಿಪೇರಿ ಖರ್ಚಿಗೆಂದು ವಾರಂಟಿ ಪ್ಲಾನ್ ಮಾರುವವರನ್ನು ಆ ಸಾಲಿಗೆ ಸೇರಿಸುವುದು ಅನ್ಯಾಯ. ಆದರೆ ಇಬ್ಬರೂ ಬಂದು ತಟ್ಟುವ ಬಾಗಿಲು ಒಂದೇ, ನಮ್ಮ ಹೆದರಿಕೆಯದು.

ಮಿಶಿಗನ್ನಿನಲ್ಲಿರುವ ನಮ್ಮ ಭಾವ ನಿವೃತ್ತಿಯಾದ ಮೇಲೆ ಆರ್‌ವಿ ಕೊಂಡೇ ತೀರುತ್ತೇನೆಂದು ಹಟ ಹಿಡಿದರು. ಆರ್‌ವಿ ಅಂದರೆ ಅಡುಗೆಮನೆ, ಮಂಚ, ಕಕ್ಕಸು, ಬಚ್ಚಲು ಎಲ್ಲವನ್ನೂ ಹೊತ್ತು ಓಡುವ ಮನೆ. ಕಾರು-ಟ್ರಕ್ಕಿನ ಹಿಂದೆ ಕಟ್ಟಿ ಎಳೆಯುವಂಥದ್ದೂ ಉಂಟು, ತಾನೇ ಎಂಜಿನ್ ಇಟ್ಟುಕೊಂಡು ಓಡುವಂಥದ್ದೂ ಉಂಟು. ಭಾವ ಕೊಂಡಿದ್ದು ಎರಡನೆಯದು. ಮಿಶಿಗನ್ ಗಡಿ ದಾಟಿದರೆ ಇಂಡಿಯಾನಾದ ಎಲ್ಕ್‌ಹಾರ್ಟ್. ಆ ಊರಿನ ಸುತ್ತಮುತ್ತಲೇ ಅಮೆರಿಕದ ಬಹುಪಾಲು ಆರ್‌ವಿಗಳು ತಯಾರಾಗುವುದು. ಅಲ್ಲೊಂದು ಆರ್‌ವಿ ಮ್ಯೂಸಿಯಂ ಕೂಡ ಇದೆ. ಭಾವ ಅದನ್ನು ನೋಡಿ ಬಂದ ದಿನವೇ ಅಕ್ಕ “ಇನ್ನು ಇವರು ಕೈಗೆ ಸಿಗಲ್ಲ” ಅಂದುಬಿಟ್ಟಿದ್ದಳು.

ಗಾಡಿ ಒಂದೇ ಆದರೂ ಅದಕ್ಕೆ ಅಪ್ಪಂದಿರು ಹಲವರು. ಭಾವನ ಗಾಡಿಯ ತಳ, ಎಂಜಿನ್ ಫೋರ್ಡಿನವರದು. ಮೇಲಿನ ಮನೆ ಇನ್ನೊಬ್ಬರದು. ಫ್ರಿಜ್, ಎಸಿ, ಒಲೆ ಮತ್ಯಾರದೋ. ಪ್ರತಿಯೊಬ್ಬರಿಗೂ ಅವರವರದೇ ವಾರಂಟಿ. ಮನೆಯ ಭಾಗಕ್ಕೆ ಸಾಮಾನ್ಯವಾಗಿ ಒಂದು ವರ್ಷ. ಫೋರ್ಡಿನವರು ತಮ್ಮ ಭಾಗಕ್ಕೆ ಮೂರು ವರ್ಷ ಅಥವಾ 36,000 ಮೈಲಿ, ಎಂಜಿನ್-ಗೇರ್‌ಬಾಕ್ಸಿಗೆ ಐದು ವರ್ಷ ಅಥವಾ 60,000 ಮೈಲಿ ಅನ್ನುತ್ತಾರೆ. ಅಂದಮೇಲೆ ಮೊದಲ ದಿನವೇ ದುಬಾರಿ ಪ್ಲಾನ್ ಕೊಂಡವರು, ಹೇಗೂ ಪುಕ್ಕಟೆ ರಿಪೇರಿಯಾಗುವ ಎಂಜಿನ್ನಿಗೆ ಇನ್ನೊಮ್ಮೆ ದುಡ್ಡು ಕಟ್ಟಿದ ಹಾಗೇ ಆಯಿತು.

ಈ ಲೆಕ್ಕ ಹಾಕಲು ಪುರಸೊತ್ತು ಸಿಗಬಾರದೆಂದೇ ಇರಬೇಕು, ಪ್ಲಾನಿನ ಮಾತು ಎತ್ತುವುದು ಕೊನೆಯ ಕೋಣೆಯಲ್ಲಿ. ಗಾಡಿ ಒಪ್ಪಿಗೆಯಾಗಿದೆ, ಹೊಟ್ಟೆ ಹಸಿದಿದೆ, ಸಹಿ ಹಾಕಿ ಹಾಕಿ ಕೈ ಸೋತಿದೆ. ಆಗ ಸಾಲದ ಕಾಗದ ಮಾಡುವವನು ನಗುನಗುತ್ತಾ “ತಿಂಗಳಿಗೆ ಇಷ್ಟೇ ಜಾಸ್ತಿ ಆಗೋದು ಸರ್” ಅನ್ನುತ್ತಾನೆ. ಒಟ್ಟು ಮೊತ್ತದ ಸುದ್ದಿ ಎತ್ತುವುದಿಲ್ಲ. ಅದು ಸಾಲದೊಳಗೆ ಸೇರಿಕೊಂಡರೆ ಪ್ಲಾನಿಗೂ ಬಡ್ಡಿ ಕಟ್ಟಬೇಕು. ಭಾವ ಎಷ್ಟೆಂದರೂ ಬ್ಯಾಂಕಿನಲ್ಲಿ ತಲೆ ನರೆಸಿದವರು. “ಮಾದರಿ ಕರಾರು ಕೊಡಿ, ಮನೇಲಿ ಓದ್ತೀನಿ” ಅಂದರು. ಅದನ್ನು ಓದುವ ಕೆಲಸಕ್ಕೆ ನನ್ನನ್ನೂ ಕರೆದರು, ಜೊತೆಗೆ ಅಕ್ಕನ ಕೋಡುಬಳೆಯ ಆಮಿಷ.

ಮೊದಲು ಗೊತ್ತಾಗಿದ್ದು, ಬಾಯಲ್ಲಿ ಎಲ್ಲರೂ ವಾರಂಟಿ ಅನ್ನುವ ಇದು ಕಾನೂನಿನ ಲೆಕ್ಕದಲ್ಲಿ ವಾರಂಟಿಯೇ ಅಲ್ಲ. 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆಯ ಪ್ರಕಾರ ವಸ್ತುವಿನ ಬೆಲೆಯಲ್ಲೇ ಸೇರಿ ಬಂದದ್ದು ವಾರಂಟಿ. ಬೇರೆ ದುಡ್ಡು ಕೊಟ್ಟು ಕೊಂಡದ್ದು ಸರ್ವಿಸ್ ಕರಾರು. ಕರಾರು ಅಂದಮೇಲೆ ಅದರಲ್ಲಿ ಬರೆದದ್ದೇ ವೇದ. ಇದರಲ್ಲೂ ಎರಡು ಜಾತಿ. ಪಟ್ಟಿಯಲ್ಲಿ ಹೆಸರಿರುವ ಭಾಗಕ್ಕೆ ಮಾತ್ರ ದುಡ್ಡು ಕೊಡುವುದೊಂದು, ಹೊರಗಿಟ್ಟ ಭಾಗಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಕೊಡುವುದು ಇನ್ನೊಂದು. ಎರಡನೆಯದು ವಾಸಿ, ಬೆಲೆಯೂ ಜಾಸ್ತಿ. ಆಮೇಲೆ ನಾವು ಕೈಯಿಂದ ಹಾಕಬೇಕಾದ ಪಾಲಿನ ವಿಚಾರ. 100 ಡಾಲರ್ ಅಂದರೆ ಸಣ್ಣ ಮೊತ್ತವೇ. ಆದರೆ ಅದು ಒಂದು ಸಲದ ಭೇಟಿಗೋ, ಒಂದೊಂದು ಭಾಗಕ್ಕೋ? ಒಂದೇ ಸಲ ಫ್ರಿಜ್, ಎಸಿ, ಗೋಡೆಯನ್ನು ಹೊರಕ್ಕೆ ತಳ್ಳುವ ಮೋಟಾರು ಮೂರೂ ಕೈಕೊಟ್ಟರೆ 100 ಹೋಗಿ 300 ಆಗುತ್ತದೆ. ಭಾವನ ಕಾಗದದಲ್ಲಿ ಭಾಗಕ್ಕೆ ಅಂತಲೇ ಇತ್ತು, ಇರುವೆ ಗಾತ್ರದ ಅಕ್ಷರದಲ್ಲಿ.

ನಾನು ಹೊರಗಿಟ್ಟವುಗಳ ಪಟ್ಟಿಯನ್ನು ಗಟ್ಟಿಯಾಗಿ ಓದತೊಡಗಿದೆ. ಟಯರು ಇಲ್ಲ, ಸವೆತ ಇಲ್ಲ, ಚಳಿಗೆ ನೀರು ಹೆಪ್ಪುಗಟ್ಟಿ ಪೈಪು ಒಡೆದರೆ ಇಲ್ಲ, ಹೊತ್ತುಹೊತ್ತಿಗೆ ಸರ್ವಿಸ್ ಮಾಡಿಸಿದ ರಸೀದಿ ಇಲ್ಲದಿದ್ದರೆ ಯಾವುದೂ ಇಲ್ಲ. “ನೀರು ಸೋರಿ ಆದ ಹಾನಿಗೆ ಇಲ್ಲ” ಅನ್ನುವಷ್ಟರಲ್ಲಿ ಅಕ್ಕ ಬಾಣಲೆಯ ಮುಂದಿನಿಂದಲೇ ಕೇಳಿದಳು: “ಅಲ್ವೋ, ಸೂರು ಸೋರಿದ್ರೆ ಕೊಡಲ್ಲ ಅಂದ್ರೆ ಇನ್ಯಾವ ಸುಖಕ್ಕೆ ಕೊಡ್ತಾರಂತೆ?”

ತೀರ್ಥಹಳ್ಳಿಯಲ್ಲಿ ಹುಟ್ಟಿದವಳು. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸದ ಮನೆಯ ಗತಿ ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಆರ್‌ವಿಯ ಶತ್ರುವೂ ನೀರೇ. ಬಹಳಷ್ಟು ಗಾಡಿಗಳ ಸೂರು ಅಂದರೆ ಪ್ಲೈವುಡ್ ಮೇಲೆ ಅಂಟಿಸಿದ ತೆಳು ರಬ್ಬರ್ ಹಾಳೆ. ಅದರಲ್ಲಿ ಎಸಿಗೆ, ಗಾಳಿಕಿಂಡಿಗೆ, ಕೊಳವೆಗೆ ಅಂತ ತೂತುಗಳು. ತೂತಿನ ಸುತ್ತ ಸೀಲಂಟ್. ಅದು ಬಿಸಿಲಿಗೆ ಬಿರುಕು ಬಿಡುತ್ತದೆ. ಕೂದಲೆಳೆಯಷ್ಟು ಸಂದು ಸಿಕ್ಕರೆ ಸಾಕು, ನೀರು ಸದ್ದಿಲ್ಲದೆ ಗೋಡೆಯೊಳಗೆ ಇಳಿದು ಮರ ಕೊಳೆಯುತ್ತದೆ, ಹೊರಗಿನ ಫೈಬರ್ ಹಾಳೆ ಉಬ್ಬುತ್ತದೆ. ಗೊತ್ತಾಗುವ ಹೊತ್ತಿಗೆ ಗಾಡಿಯ ಬೆಲೆ ಅರ್ಧಕ್ಕಿಳಿದಿರುತ್ತದೆ. ಇದನ್ನು ತಡೆಯಲು ಬೇಕಾದದ್ದು ಒಂದು ಏಣಿ, ಒಂದೆರಡು ಟ್ಯೂಬ್ ಸೀಲಂಟ್, ಮೂರು ನಾಲ್ಕು ತಿಂಗಳಿಗೊಮ್ಮೆ ಸೂರು ಹತ್ತುವ ಉತ್ಸಾಹ. ಯಾವ ಪ್ಲಾನೂ ನಮ್ಮ ಪರವಾಗಿ ಸೂರು ಹತ್ತುವುದಿಲ್ಲ.

ಪ್ಲಾನ್ ಕೊಡಿಸದ ಇನ್ನೊಂದು ವಸ್ತು ಸರದಿ. ಬೇಸಿಗೆ ಬಂದರೆ ಅಲ್ಲಿನ ಸರ್ವಿಸ್ ಅಂಗಳಗಳಲ್ಲಿ ಗಾಡಿಗಳು ವಾರಗಟ್ಟಲೆ ನಿಂತಿರುತ್ತವೆ. ಭಾಗ ಬರಬೇಕು, ಪ್ಲಾನಿನವರು ಒಪ್ಪಿಗೆ ಕೊಡಬೇಕು, ಆಮೇಲೆ ಮೆಕ್ಯಾನಿಕ್ ಸಿಗಬೇಕು. ಅಷ್ಟರಲ್ಲಿ ಯೆಲ್ಲೊಸ್ಟೋನಿನಲ್ಲಿ ಕಾದಿರಿಸಿದ ಜಾಗ ಬೇರೆಯವರ ಪಾಲು. ಹಾಗಾಗಿ ಗಾಡಿ ನಿಂತಲ್ಲಿಗೇ ಬಂದು ರಿಪೇರಿ ಮಾಡುವವನಿಗೂ ದುಡ್ಡು ಕೊಡುವ ಪ್ಲಾನಾದರೆ ನನ್ನ ಕಣ್ಣಿಗೆ ಅದರ ಬೆಲೆಯೇ ಬೇರೆ.

ಹಾಗಂತ ಪ್ಲಾನೇ ಬೇಡ ಅನ್ನುವ ಪೈಕಿ ನಾನಲ್ಲ. ಎಳೆದುಕೊಂಡು ಹೋಗುವ ಸಾದಾ ಟ್ರೇಲರಿಗೆ ಕೊಳ್ಳಬಾರದು. ಆ ದುಡ್ಡನ್ನು ಬೇರೆ ಖಾತೆಯಲ್ಲಿ ಹಾಕಿಟ್ಟು, ಕೆಟ್ಟಾಗ ತೆಗೆಯುವುದು ಲೇಸು. ಡೀಸೆಲ್ ಎಂಜಿನ್, ಜನರೇಟರ್, ಹೈಡ್ರಾಲಿಕ್ ಕಾಲು, ಹೊರಚಾಚುವ ನಾಲ್ಕು ಕೋಣೆ ಇರುವ ಬಸ್ಸಿನಂಥ ಗಾಡಿಯ ವಿಷಯ ಬೇರೆ. ಹಲವು ಕಡೆ ರಿಪೇರಿಯ ಕೂಲಿಯೇ ಗಂಟೆಗೆ 150 ಡಾಲರ್ ದಾಟಿರುವಾಗ ಒಂದೇ ಹೊಡೆತಕ್ಕೆ ಸಾವಿರಾರು ಡಾಲರ್ ಎದ್ದುಹೋಗಬಹುದು. ಅಷ್ಟು ಕೈಯಲ್ಲಿಲ್ಲದವರು, ಪ್ಲಾನಿನ ಬೆನ್ನಿಗೆ ಗಟ್ಟಿ ವಿಮಾ ಕಂಪನಿ ಇದೆಯೇ ಎಂದು ನೋಡಿ ಕೊಂಡರೆ ತಪ್ಪಿಲ್ಲ. ಭಾವನದು ನಡುಗಾತ್ರದ್ದು. ಮೊದಲ ವರ್ಷ ಕಾರ್ಖಾನೆಯ ವಾರಂಟಿಯಲ್ಲೇ ಊರೂರು ಸುತ್ತಿ, ಏನೇನು ಕೆಡುತ್ತದೆಂದು ನೋಡಿ, ಅದು ಮುಗಿಯುವ ಮುಂಚೆ ತೀರ್ಮಾನ ಮಾಡಿ ಅಂದೆ.

ಭಾವ ಅಂಗಡಿಗೆ ಫೋನ್ ಮಾಡಿ ಸದ್ಯಕ್ಕೆ ಬೇಡವೆಂದರು. ಎರಡೇ ದಿನದಲ್ಲಿ ಅದೇ ಪ್ಲಾನಿನ ಬೆಲೆ ಇಳಿಯಿತು, ಭಾಗಕ್ಕೆ ಇದ್ದ 100 ಡಾಲರ್ ಭೇಟಿಗೆ ಆಯಿತು. “ಇನ್ನೊಂದ್ಸಲ ಬೇಡ ಅಂದು ನೋಡ್ಲೇನಯ್ಯಾ?” ಅಂತ ಭಾವ ನನ್ನನ್ನು ಕೇಳಿದರು. ಧಾರಾಳವಾಗಿ ಅನ್ನಿ ಅಂದೆ.